ಗುಂಡಿ ಅಯ್ಯನವರು

ಊಟಕ್ಕೆ ಕೂಡುವ ಮುಂಚೆ ಅವರು ಬಲಗೈಯನ್ನು ಮೂಗಿನ ಹತ್ತಿರ ಒಯ್ದು ಒಮ್ಮೆ ಮೂಸಿ ನೋಡಿಕೊಳ್ಳುತ್ತಿದ್ದರು. ಮೊದಲು ಬೂದಿ ಹಚ್ಚಿ, ಆಮೇಲೆ ಸೀಗೆಪುಡಿ ಹಚ್ಚಿ, ಕೊನೆಗೆ ನನ್ನ ದವಾಖಾನೆಯ ಕೆಂಪು ಸಾಬೂನು ಹಚ್ಚಿ ತೊಳೆದ ಕೈ. ಆದರೂ ಮೂಸುತ್ತಿದ್ದರು. ಮೂಸಿ, ಆಮೇಲೆ ರೊಟ್ಟಿ ಮುರಿಯುತ್ತಿದ್ದರು. ಒಮ್ಮೆ ತಡೆಯಲಾರದೆ ಕೇಳಿದೆ.

"ಏನರ ವಾಸನಿ ಬರತೈತೇನ್ರಿ ಅಯ್ಯಾರ?"

"ಇಲ್ರಿ ಬಾಯಾರ. ಬರಂಗಿಲ್ಲ ಅಂತ ನನಗೂ ಗೊತ್ತೈತಿ. ಮನ್ಯಾಗ ಎಲ್ಲಾರೂ ಬರತೈತಿ ಅಂತಾರಲ್ಲ, ಅದಕ್ಕ ನೋಡಕೊಳ್ತೀನಿ."

ಅವರು ಮಸ್ಕಿಯಲ್ಲಿ ತೀರಿಕೊಂಡ ಸುದ್ದಿ ಲಿಂಗಸೂಗೂರಿನ ಆಸ್ಪತ್ರೆಯಲ್ಲಿದ್ದ ನನಗೆ ಮುಟ್ಟುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. ಹೊಸ ರಾಜ್ಯವಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ದಫ್ತರುಗಳಲ್ಲಿ ಬೋರ್ಡು ಬದಲಿಸುವ ಗದ್ದಲ. ಹೆರಿಗೆಗೆಂದು ಮಸ್ಕಿಯಿಂದ ಬಂದಿದ್ದ ಹೆಂಗಸಿನ ತಾಯಿ ಮಾತಿನ ನಡುವೆ, "ನಮ್ಮೂರಾಗ ಒಬ್ಬ ಗುಂಡಿ ಅಯ್ಯನೋರು ಅಂತ ಇದ್ರವ್ವ, ಹೋದ್ರು" ಎಂದಳು. ನಾನು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. ಮಡಚಿಟ್ಟು, ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಕೂತೆ. ಅಳು ಬರಲಿಲ್ಲ. ಬಹಳ ದಿನ ನಡೆದವರ ಕಾಲಿಗೆ ಬರುವಂಥ ದಣಿವು ಬಂತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬದುಕಿದ್ದಾಗಲೂ ಆ ಹೆಸರು ಹಿಡಿದು ಕರೆದವರು ಕಡಿಮೆ. ಅವರು ಅಯ್ಯನವರ ಮನೆತನದವರು. ಅವರ ತಂದೆ ಬೀದಿಯಲ್ಲಿ ಹೊರಟರೆ ಜನ ಚಪ್ಪಲಿ ಬಿಟ್ಟು ಪಾದ ಮುಟ್ಟುತ್ತಿದ್ದರಂತೆ. ಮಗ ಹೈದರಾಬಾದಿಗೆ ಓದಲು ಹೋದ. ಉರ್ದುವಿನಲ್ಲಿ ಓದಿ, ಊರ ಹೊಲಸನ್ನು ಏನು ಮಾಡಬೇಕೆಂಬ ವಿದ್ಯೆ ಕಲಿತು, ಸಫಾಯಿ ದರೋಗಾ ಆಗಿ ಬಂದ. ಪಾಯಖಾನೆ, ಗಟಾರ, ಕಸದ ಗುಂಡಿಗಳನ್ನು ನೋಡಿಕೊಳ್ಳುವ ಸರ್ಕಾರಿ ನೌಕರಿ. ತಂದೆ ಒಂದೇ ಮಾತು ಹೇಳಿದರಂತೆ: "ಇನ್ನ ಮ್ಯಾಲೆ ನೀ ಪಡಸಾಲ್ಯಾಗ ಉಣ್ಣು." ಅವತ್ತಿನಿಂದ ಅವರ ತಟ್ಟೆ, ತಂಬಿಗೆ ಬೇರೆಯಾದವು. ಪಾದ ಮುಟ್ಟಬೇಕಾಗಿದ್ದ ಜನ ದಾರಿ ಬಿಟ್ಟು ನಿಲ್ಲತೊಡಗಿದರು. ಅಯ್ಯನವರಿಗೆ ಗುಂಡಿಯೂ ಸೇರಿಕೊಂಡು ಗುಂಡಿ ಅಯ್ಯನವರಾದರು. ಆ ಹೆಸರಿಗೆ ಅವರು ಸಿಟ್ಟಾದದ್ದನ್ನು ನಾನು ಕಂಡಿಲ್ಲ. ನಕ್ಕದ್ದನ್ನೂ ಕಂಡಿಲ್ಲ.

ನಿಜಾಮರ ಕಾಲದ ಕೊನೆಯಲ್ಲಿ ಅವರು ಲಿಂಗಸೂಗೂರಿನಲ್ಲಿದ್ದರು. ಗಲಾಟೆಯ ಆ ತಿಂಗಳುಗಳಲ್ಲಿ ದಫ್ತರದವರೆಲ್ಲ ಊರು ಬಿಟ್ಟಾಗ ಇವರೊಬ್ಬರು ದಿನಾ ಗುಂಡಿಗೆ ಹೋಗಿ ಬರುತ್ತಿದ್ದರಂತೆ. ಯಾಕೆ ಎಂದು ಕೇಳಿದ್ದಕ್ಕೆ, "ಸರ್ಕಾರ ಬಿದ್ದೈತಿ ಅಂತ ಜನ ಸಂಡಾಸಿಗೆ ಹೋಗೋದು ಬಿಡ್ತಾರೇನ್ರಿ?" ಎಂದಿದ್ದರು.

ಲಿಂಗಸೂಗೂರಿನ ಗುಂಡಿಗಳ ಕಥೆಯನ್ನು ಅವರೇ ನನಗೆ ಹೇಳಿದ್ದು. ಊರಿನ ಮಲವನ್ನೂ ಕಸವನ್ನೂ ಪದರ ಪದರವಾಗಿ ಹಾಕಿ ಮಣ್ಣು ಮುಚ್ಚಿ ಬಿಟ್ಟರೆ ಗೊಬ್ಬರವಾಗುತ್ತದೆ. ಆಗಿದೆಯೋ ಇಲ್ಲವೋ ನೋಡುವುದಕ್ಕೆ ಅವರ ಹತ್ತಿರ ಒಂದು ಕಬ್ಬಿಣದ ಸಲಾಕೆ ಇತ್ತು. ಗುಂಡಿಯೊಳಗೆ ತಳದವರೆಗೂ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಅಂಗೈಯಲ್ಲಿ ಹಿಡಿಯುತ್ತಿದ್ದರು. ಬಿಸಿ ಇದ್ದರೆ ಒಳಗೆ ಇನ್ನೂ ಬೇಯುತ್ತಿದೆ ಎಂದರ್ಥ. ತಣ್ಣಗಿದ್ದು ವಾಸನೆ ಇಲ್ಲದಿದ್ದರೆ ಗೊಬ್ಬರ ಮಾಗಿದೆ. ತಣ್ಣಗಿದ್ದೂ ವಾಸನೆ ಇದ್ದರೆ? "ಅದು ಮಲಗೈತಿ" ಎನ್ನುತ್ತಿದ್ದರು. "ಥಂಡಿಗೆ ಮಲಗೈತಿ. ಎಬ್ಬಿಸಬಾರದು."

ಒಂದು ಪುಷ್ಯ ಮಾಸದಲ್ಲಿ ಊರಿನ ದೊಡ್ಡ ಕುಳವೊಂದು ಗೊಬ್ಬರಕ್ಕೆ ಗಾಡಿ ಕಳಿಸಿತು. ಬೇಸಿಗೆಯ ಗುಂಡಿಯಾಗಿದ್ದರೆ ಅಷ್ಟು ದಿನಕ್ಕೆ ಮಾಗುತ್ತಿತ್ತು. ಆದರೆ ಅದು ದೀಪಾವಳಿಗೆ ಮುಚ್ಚಿದ ಗುಂಡಿ. ಇವರು ಸಲಾಕೆ ಚುಚ್ಚಿ ನೋಡಿ, "ಹೋಳಿ ಹುಣ್ಣಿಮಿ ದಾಟಿದ ಮ್ಯಾಲೆ ಬರ್ರಿ" ಎಂದು ಖಾಲಿ ಗಾಡಿ ತಿರುಗಿಸಿದರು. ಹೋಳಿ ಹುಣ್ಣಿಮೆ ಬರುವ ಹೊತ್ತಿಗೆ, ಆ ಕುಳದ ದೂರಿನ ಮೇಲೆ, ಇವರಿಗೇ ಸಿಂಧನೂರಿಗೆ ಬದಲಿಯಾಗಿತ್ತು.

ನಾನು ಅವರನ್ನು ಕಂಡದ್ದು ಅಲ್ಲಿ. ನಾನು ಮುದಗಲ್ಲಿನವಳು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ. ಅಣ್ಣನ ಮನೆಯಲ್ಲಿ ಮುಸುರೆ ತಿಕ್ಕುತ್ತ ಕೂಡಲಾರದೆ ಹೆರಿಗೆ ಮಾಡಿಸುವ ನರ್ಸಿನ ತರಬೇತಿಗೆ ಹೋದೆ. ಅಲ್ಲಿ ಒಂದಿಷ್ಟು ಇಂಗ್ಲಿಷೂ ಬಂತು. ಸಿಂಧನೂರಿನ ಹೊರಗೆ ಕಾಲುವೆಯ ಮಣ್ಣು ಕೆಲಸ ಹಿಡಿದಿದ್ದ ಗುತ್ತೇದಾರರು ಕ್ಯಾಂಪು ಹಾಕಿದ್ದರು. ಒಂದು ಕಡೆ ಹೆಂಚಿನ ಮನೆಗಳು, ಇನ್ನೊಂದು ಕಡೆ ಕೂಲಿಯವರ ಗುಡಿಸಲುಗಳು, ನಡುವೆ ಎರಡು ಕೋಣೆಯ ದವಾಖಾನೆ. ಆ ದವಾಖಾನೆಯಲ್ಲಿ ನನಗೂ ಒಬ್ಬ ಕಾಂಪೌಂಡರನಿಗೂ ಗುತ್ತೇದಾರರೇ ಪಗಾರ ಕೊಡುತ್ತಿದ್ದರು. ಪೊಲೀಸ್ ಆಕ್ಷನ್ ಆಗಿ ಮೂರು ವರ್ಷವಾಗಿರಬೇಕು.

ಹೆಂಚಿನ ಮನೆಗಳ ಪಾಯಖಾನೆಗಳ ಹೊಲಸೆಲ್ಲ ಹರಿದು ಹೋಗಿ ಬೀಳುವುದಕ್ಕೆ ನೆಲದೊಳಗೆ ಒಂದು ದೊಡ್ಡ ಮುಚ್ಚಿದ ಟಾಕಿ ಕಟ್ಟಿದ್ದರು. ನಮ್ಮ ಸೀಮೆಗೆ ಅದು ಹೊಸದು. ಟಾಕಿಯಲ್ಲಿ ಹೊಲಸು ಕೊಳೆತು ತಳ ಹಿಡಿಯುತ್ತದೆ. ಮೇಲಿನ ನೀರು ಜಲ್ಲಿ ಕಲ್ಲಿನ ಹಾಸಿನ ಮೇಲೆ ಹನಿ ಹನಿಯಾಗಿ ಇಳಿದು ಹೊರಗೆ ಬರುತ್ತದೆ. ನಕಾಶೆಯಲ್ಲಿ ಆ ನೀರು ಮತ್ತೆ ಒಂದು ಹೊಂಡದಲ್ಲಿ ಹದಿನೈದು ದಿನ ಬಿಸಿಲಿಗೆ ನಿಂತು ಆಮೇಲೆ ಹಳ್ಳ ಸೇರಬೇಕೆಂದಿತ್ತು. ಟಾಕಿ ಶುರುವಾದದ್ದು ಯುಗಾದಿ ಹೊತ್ತಿಗೆ. ಸಿಂಧನೂರಿನ ಬಿಸಿಲು ಕೇಳಬೇಕೆ? ಹೊರಬಂದ ನೀರು ತಿಳಿಯಾಗಿತ್ತು. ಕ್ಯಾಂಪಿನ ಇಂಜಿನಿಯರು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದರು. ಹೊಂಡ ತೋಡಬೇಕಾದ ಆಳುಗಳನ್ನು ಕಾಲುವೆಗೆ ಹಚ್ಚಿ, ನೀರನ್ನು ನೇರ ಹಳ್ಳಕ್ಕೆ ಬಿಟ್ಟರು.

ಹಳ್ಳದ ಕೆಳಗಡೆ ಕೂಲಿಯವರ ಗುಡಿಸಲುಗಳಿದ್ದವು. ಅವರು ಹಳ್ಳದ ಉಸುಕಿನಲ್ಲಿ ವರತಿ ತೋಡಿ ಕುಡಿಯುವ ನೀರು ಮೊಗೆದುಕೊಳ್ಳುತ್ತಿದ್ದರು.

ಸರ್ಕಾರದ ಕಡೆಯಿಂದ ವಾರಕ್ಕೆ ಮೂರು ದಿನ ತಪಾಸಣೆಗೆ ಬರುತ್ತಿದ್ದ ಅಯ್ಯನವರು ಅದನ್ನು ನೋಡಿ ಇಂಜಿನಿಯರ ಮನೆಗೆ ಹೋದರು. ಇಂಜಿನಿಯರು ಮೈಸೂರು ಕಡೆಯವರು. ಕೆಟ್ಟವರಲ್ಲ. ಹೆಂಡತಿ ಕಾಫಿ ಕೊಡಲು ಬಂದಿದ್ದರು. ಅಷ್ಟು ಹೊತ್ತಿಗೆ ಅವರ ಮಗುವಿಗೆ ಸಿಡುಬು ಬರದಂತೆ ದೇವಿ ಹಾಕಲು ಹೋದ ನಾನೂ ಅಲ್ಲಿದ್ದೆ.

"ನೀರು ಚೆನ್ನಾಗಿದೆಯಲ್ಲ ದರೋಗಾ, ಇನ್ನೇನು?" ಎಂದರು ಇಂಜಿನಿಯರು.

"ಈಗ ಛಲೋ ಐತ್ರಿ. ಬ್ಯಾಸಗಿ ಐತಲ್ಲ. ಥಂಡಿ ಬಂದ ಮ್ಯಾಲೆ ಹಿಂಗ ಇರಂಗಿಲ್ಲ."

"ಟಾಕಿ ಅದೇ, ಕಲ್ಲು ಅದೇ. ಚಳಿಗೆ ಏನಾಗುತ್ತೆ?"

ಅಯ್ಯನವರು ಸ್ವಲ್ಪ ಯೋಚಿಸಿ ಇಂಜಿನಿಯರ ಹೆಂಡತಿಯ ಕಡೆ ತಿರುಗಿದರು. "ಅವ್ವಾರ, ಥಂಡಿಗಾಲದಾಗ ಮೊಸರು ಜಲ್ದಿ ಹೆಪ್ಪಾಕ್ಕೈತೇನ್ರಿ?"

"ಇಲ್ಲಪ್ಪ. ಪಾತ್ರೆಗೆ ಬಟ್ಟೆ ಸುತ್ತಿ ಇಡಬೇಕು."

"ಟಾಕಿನೂ ಹಂಗ್ರಿ. ಒಳಗ ಹೊಲಸು ತಿನ್ನೋ ಕಣ್ಣಿಗೆ ಕಾಣದ ಜೀವ ಅದಾವ. ಬಿಸಿ ಇದ್ರ ಕೆಲಸ ಮಾಡ್ತಾವ, ಥಂಡಿಗೆ ಮುದುಡಿಕೊಂಡು ಕೂಡ್ತಾವ. ಮೊಸರಿನ ಗಡಿಗಿ ಇದ್ದಂಗ."

ಆ ತಾಯಿ ಕಾಫಿಯ ಲೋಟ ಅಲ್ಲಿಯೇ ಇಟ್ಟು ಒಳಗೆ ಹೋದರು. ಎಂಟು ದಿನ ಆ ಮನೆಯಲ್ಲಿ ಮೊಸರು ಹಾಕಲಿಲ್ಲವಂತೆ. ಇಂಜಿನಿಯರು ನಕ್ಕು, "ಚಳಿಗಾಲ ಬರಲಿ, ನೋಡೋಣ" ಎಂದರು. ಅಯ್ಯನವರಿಗೆ ಮಾತ್ರ ತಾವು ಹೇಳಿದ್ದರಲ್ಲಿ ಅಸಹ್ಯ ಏನಿತ್ತೆಂದು ಕೊನೆಗೂ ತಿಳಿಯಲಿಲ್ಲ.

ನನ್ನ ಜ್ವರದ ಕಡ್ಡಿಯನ್ನು ಟಾಕಿಗೆ ಇಳಿಬಿಡಲು ಒಮ್ಮೆ ಕೇಳಿದರು. ನಾನು ಕೊಡುವುದಿಲ್ಲವೆಂದೆ. ಕೊಟ್ಟಿದ್ದರೂ ಉಪಯೋಗವಿರಲಿಲ್ಲ. ಅದರ ಗೀಟುಗಳು ಶುರುವಾಗುವುದೇ ಮನುಷ್ಯನ ಮೈಬಿಸಿಯ ಹತ್ತಿರ. ಎಲ್ಲಿಂದಲೋ ಗೋಡೆಗೆ ತೂಗುಹಾಕುವ ಹಳೆಯ ಕಡ್ಡಿಯೊಂದನ್ನು ತಂದರು. ಹುರಿ ಕಟ್ಟಿ, ಹೊತ್ತು ಹುಟ್ಟುವಾಗೊಮ್ಮೆ ಇಳಿಬಿಟ್ಟು ನೋಡಿ, ಉರ್ದುವಿನಲ್ಲಿ ಬರೆದಿಡುತ್ತಿದ್ದರು. ಟಾಕಿಯ ಮುಚ್ಚಳ ಎತ್ತುವವಳು ಹುಲಿಗೆವ್ವ, ಕ್ಯಾಂಪಿನ ಸಫಾಯಿ ಹೆಂಗಸು. ಗುಡಿಸಲು ಸಾಲಿನಲ್ಲೇ ಇದ್ದವಳು. ಅವಳನ್ನು ಅವರು "ಯವ್ವಾ" ಎಂದೇ ಕರೆಯುತ್ತಿದ್ದರು. ಅವಳು ಮುಚ್ಚಳ ಎತ್ತಿದ ಕೂಡಲೇ ಇವರು ಕೇಳುವುದು: "ಹೆಂಗೈತಿ ಯವ್ವಾ ಇವತ್ತು?" ಅವಳು ಬಗ್ಗಿ ನೋಡಿ, "ಗುಳ್ಳಿ ಕಡಿಮಿ ಅದಾವ ಯಪ್ಪಾ" ಎಂದೋ, "ಕೆನಿ ದಪ್ಪ ಆಗೈತಿ" ಎಂದೋ ಹೇಳುತ್ತಿದ್ದಳು. ಅದನ್ನೂ ಬರೆದುಕೊಳ್ಳುತ್ತಿದ್ದರು.

ನನ್ನ ದವಾಖಾನೆಯ ಕಪಾಟಿನ ಮೇಲೆ ಅವರ ಬಾಟಲಿಗಳು ಬಂದು ಕೂತದ್ದು ಶ್ರಾವಣದಲ್ಲಿ. ಹಳ್ಳಕ್ಕೆ ಬೀಳುವ ನೀರನ್ನು ಬಾಟಲಿಯಲ್ಲಿ ತುಂಬಿ, ದವಾಖಾನೆಯ ನೀಲಿ ಔಷಧಿಯ ಒಂದೆರಡು ಹನಿ ಹಾಕಿ, ಬೂಚು ಬಿಗಿದು ಇಡುತ್ತಿದ್ದರು. "ನೀಲಿ ಹಂಗ ಉಳೀತಂದ್ರ ನೀರು ಪಕ್ಕಾ ಆಗೈತಿ. ನೀಲಿ ಹೋತಂದ್ರ ಇನ್ನಾ ಹಸಿ ಐತಿ, ಒಳಗ ಹೊಲಸು ಉಳದೈತಿ" ಎಂದು ನನಗೆ ಕಲಿಸಿದರು. ಶ್ರಾವಣದಲ್ಲಿ ವಾರ ಕಳೆದರೂ ಬಾಟಲಿ ನೀಲಿಯೇ. ದಸರೆ ಹೊತ್ತಿಗೂ ನೀಲಿ. ದೀಪಾವಳಿ ಕಳೆದು ಗಾಳಿ ತಿರುಗಿತು. ಆಮೇಲೆ ಒಂದು ಬಾಟಲಿ ನಾಲ್ಕು ದಿನಕ್ಕೆ ಮಾಸಿತು. ಮುಂದಿನದು ಎರಡು ದಿನಕ್ಕೆ. ಕಪಾಟಿನ ಮೇಲೆ ಚಳಿಯಿದೆ, ಅಲ್ಲಿ ಇಟ್ಟರೆ ಬಾಟಲಿಯೂ ಸುಳ್ಳು ಹೇಳುತ್ತದೆ ಎಂದು ಅಯ್ಯನವರು ಅವನ್ನು ದವಾಖಾನೆಯ ಸಾಮಾನು ಕುದಿಸುವ ಒಲೆಯ ಪಕ್ಕಕ್ಕೆ ಸರಿಸಿದರು. ಮರುದಿನವೇ ನೀಲಿ ಹೋಗಿ ನೀರು ಮಬ್ಬಾಗಿ ನಿಂತಿತ್ತು. ಅದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ನನಗಿಲ್ಲ.

ಅವತ್ತು ಮಧ್ಯಾಹ್ನ ಅವರು ದವಾಖಾನೆಯ ಬಾಗಿಲಲ್ಲಿ ನಿಂತು, ಎಂದೂ ಏನೂ ಬೇಡದವರು, ಒಂದು ಬೇಡಿಕೆ ಇಟ್ಟರು.

"ಬಾಯಾರ, ರಾಯಚೂರಿಗೆ ಒಂದು ಕಾಗದ ಬರೀಬೇಕು. ನಾ ಉರ್ದುದಾಗ ಬರದ್ರ ಈಗ ಓದವ್ರಿಲ್ಲ. ಹೊಸ ಸಾಹೇಬ್ರಿಗೆ ಇಂಗ್ಲೀಷೇ ಆಗಬೇಕು. ನಾ ಹೇಳ್ತೀನಿ, ನೀವು ಬರೀರಿ."

ನಾನು ಕಾಗದ ತೆಗೆದುಕೊಂಡೆ. ಅವರು ಗೋಡೆಗೆ ಒರಗಿ ನಿಧಾನವಾಗಿ ಹೇಳಿದರು. "ಬ್ಯಾಸಗ್ಯಾಗ ನೋಡಿದ ನೀರಲ್ಲ ಇದು. ಥಂಡಿಗೆ ಟಾಕಿ ಕೆಲಸ ನಿಲ್ಲಿಸೈತಿ. ಹೊಂಡ ಆಗೋ ತನಕ ಹಳ್ಳಕ್ಕ ಬಿಡಬಾರದು. ಬಿಟ್ರ ಕೆಳಗಿನ ಜನ ಸಾಯ್ತಾರ. ಹಿಂಗ ಬರೀರಿ. ಸಾಯ್ತಾರ ಅಂತಾನ ಬರೀರಿ."

ನಾನು ಹಾಗೆ ಬರೆಯಲಿಲ್ಲ. ಕಾಗದದ ಒಂದು ಪ್ರತಿ ಗುತ್ತೇದಾರರಿಗೂ ಹೋಗುವುದು ನನಗೆ ಗೊತ್ತಿತ್ತು. ಅಕ್ಷರ ನನ್ನದೆಂದು ಇಂಜಿನಿಯರಿಗೆ ತಿಳಿಯುತ್ತಿತ್ತು. ಈ ನೌಕರಿ ಹೋದರೆ ಮತ್ತೆ ಅಣ್ಣನ ಮನೆಯ ಮುಸುರೆ. ಚಳಿಗಾಲದಲ್ಲಿ ನೀರಿನ ಶುದ್ಧತೆ ಸ್ವಲ್ಪ ಕಡಿಮೆಯಾಗುವ ಸಂಭವವಿದೆ, ಸಮಯವಾದಾಗ ದಯವಿಟ್ಟು ಗಮನಿಸಬೇಕು ಎಂದು ಬರೆದೆ. ಒಳ್ಳೆಯ ಇಂಗ್ಲಿಷಿನಲ್ಲಿ, ದುಂಡಗೆ ಬರೆದೆ. ಅವರು ಕೆಳಗೆ ಉರ್ದುವಿನಲ್ಲಿ ದಸ್ಕತ್ತು ಹಾಕಿ, ಎರಡು ಕೈ ಜೋಡಿಸಿ, ತೆಗೆದುಕೊಂಡು ಹೋದರು.

ಅದಕ್ಕೆ ಜವಾಬು ಬರಲಿಲ್ಲ.

ಆ ವರ್ಷ ಎಳ್ಳಮಾವಾಸ್ಯೆಯ ಹಿಂದೆ ಮುಂದೆ ನಮ್ಮ ಬಯಲು ಸೀಮೆಗೆ ಅಪರೂಪವಾದ ಚಳಿ ಬಿತ್ತು. ಗುಡಿಸಲುಗಳ ಮುಂದೆ ಜೋಳದ ದಂಟು ಸುಟ್ಟು ಜನ ಕೈ ಕಾಯಿಸುತ್ತಿದ್ದರು. ಅಯ್ಯನವರ ಕಡ್ಡಿಯ ಪಾದರಸ ಬೇಸಿಗೆಗಿಂತ ನಾಲ್ಕು ಬೆರಳು ಕೆಳಗಿಳಿದಿತ್ತು. ಹುಲಿಗೆವ್ವ ಮುಚ್ಚಳ ಎತ್ತಿ, "ಗುಳ್ಳಿನೇ ಇಲ್ಲ ಯಪ್ಪಾ, ಸತ್ತಂಗ ಬಿದ್ದೈತಿ" ಎಂದಳು. ಹೆಂಚಿನ ಮನೆಗಳಿಂದ ಬಂದದ್ದು ಬಂದ ಹಾಗೆಯೇ ಹಳ್ಳಕ್ಕೆ ಹೋಗುತ್ತಿತ್ತು.

ಗುಡಿಸಲುಗಳಲ್ಲಿ ಭೇದಿ ಶುರುವಾಯಿತು. ನಾನೂ ಕಾಂಪೌಂಡರನೂ ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗಿದೆವು. ನೀರು ಕಾಸಿ ಕುಡಿಯಿರಿ ಎಂದರೆ ಒಬ್ಬ ಮುದುಕಿ, "ರೊಟ್ಟಿ ಸುಡಾಕ ಕಟಗಿ ಇಲ್ಲವ್ವ, ನೀರಿಗೆ ಎಲ್ಲಿಂದ ತರೋಣ?" ಎಂದಳು. ಅವರಲ್ಲಿ ಲಕ್ಷ್ಮವ್ವ ಎಂಬ ಹೆಣ್ಣುಮಗಳಿದ್ದಳು. ವಳಕಮದಿನ್ನಿಯ ಕಡೆಯವಳು, ಗಂಡನ ಜೊತೆ ಮಣ್ಣು ಹೊರಲು ಬಂದವಳು. ಹತ್ತು ದಿನದ ಹಿಂದೆ ನಾನೇ ಅವಳ ಹೆರಿಗೆ ಮಾಡಿಸಿದ್ದೆ. ಹೆಣ್ಣುಕೂಸು. ಕೂಸಿನ ಹೊಕ್ಕಳು ಒಣಗಿತೇ ಎಂದು ನೋಡಲು ಹೋದರೆ ತಾಯಿ ಗೋಡೆಗೆ ಆತು ಕೂತಿದ್ದಳು. ಕಣ್ಣು ಒಳಗೆ ಹೋಗಿದ್ದವು.

"ನೀರು ಕೊಡ್ರೆವ್ವಾ" ಎಂದಳು.

ಅವಳ ಗಂಡ ಮೂಲೆಯ ಕೊಡದಿಂದ ನೀರು ಮೊಗೆದ. ವರತಿಯ ನೀರು. ನಾನು ಅವನ ಕೈ ಹಿಡಿದೆ. ದವಾಖಾನೆಯಿಂದ ಕುದಿಸಿದ ನೀರು ತರಿಸಿ, ಉಪ್ಪು ಹಾಕಿ, ಚಮಚ ಚಮಚವಾಗಿ ಕುಡಿಸಿದೆ. ತಡವಾಗಿತ್ತು. ಮರುದಿನ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಹೋದಳು. ಕೂಸು ಬದುಕಿತು. ಅಜ್ಜಿ ಬಂದು ಸೀರೆಯಲ್ಲಿ ಸುತ್ತಿಕೊಂಡು ಹೊರಟಾಗ ನನ್ನ ಕಾಲಿಗೆ ಬಿದ್ದಳು. ಮಗಳಿಗೆ ಬಹಳ ಮಾಡಿದಿರಿ ಎಂದಳು. ನಾನು ಅವಳನ್ನು ಎಬ್ಬಿಸಲು ಬಗ್ಗಿದವಳು ಹಾಗೆಯೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದೆ.

ಅಯ್ಯನವರು ಲಕ್ಷ್ಮವ್ವನ ಮಣ್ಣಿಗೆ ಬಂದಿದ್ದರು. ಜನ ಜಾಗ ಬಿಟ್ಟು ನಿಂತರು, ಅಯ್ಯನವರೆಂದೋ ಗುಂಡಿಯವರೆಂದೋ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಕ್ಯಾಂಪಿನಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅಯ್ಯನವರು ಧೋತರ ಮೇಲೆ ಕಟ್ಟಿ, ಟಾಕಿಯ ಹೊರಬಾಯಿಯ ಹತ್ತಿರ ಹಾರೆ ಹಾಕುತ್ತಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ ತೂಗಾಡುತ್ತಿತ್ತು. ಹಳ್ಳಕ್ಕೆ ಹೋಗುವ ಕೊಳವೆಯನ್ನು ಒಡೆದಿದ್ದರು. ಹುಲಿಗೆವ್ವ ಬುಟ್ಟಿಯಲ್ಲಿ ಮಣ್ಣು ತುಂಬಿ ಆ ಬಾಯಿ ಮುಚ್ಚುತ್ತಿದ್ದಳು. ಕಾಲುವೆಯ ಏರಿಗೆಂದು ಮಣ್ಣು ತೆಗೆದ ಅಗಲವಾದ ತಗ್ಗು ಹತ್ತಿರದಲ್ಲೇ ಇತ್ತು. ಅದರ ಕಡೆಗೆ ಸಣ್ಣ ಕಾಲುವೆ ಎಳೆಯುತ್ತಿದ್ದರು. ಲಕ್ಷ್ಮವ್ವನ ಗಂಡ ಸಲಿಕೆ ಹಿಡಿದು ಇನ್ನೊಂದು ತುದಿಯಿಂದ ಬರುತ್ತಿದ್ದ. ನಾನು ದೂರದಲ್ಲೇ ನಿಂತೆ.

ಇಂಜಿನಿಯರು ಓಡುತ್ತ ಬಂದರು. "ಏನ್ರೀ ಇದು? ಯಾರ ಅಪ್ಪಣೆ? ಇದು ಗುತ್ತೇದಾರರ ಸ್ವತ್ತು!"

ಅಯ್ಯನವರು ಹಾರೆ ನಿಲ್ಲಿಸಲಿಲ್ಲ. "ಹೌದ್ರಿ."

"ನಿಮ್ಮ ಮೇಲೆ ಕಂಪ್ಲೇಂಟ್ ಬರೆಯುತ್ತೇನೆ."

"ಬರೀರಿ. ಬರಿಯಾಕ ಬರೋರು ಬರೀಬೇಕು." ಆಗ ಒಮ್ಮೆ ತಲೆ ಎತ್ತಿದರು. ನನ್ನ ಕಡೆ ನೋಡಲಿಲ್ಲ. "ಥಂಡಿ ಹೋಗೋ ತನಕ ಈ ನೀರು ತಗ್ಗಿನ್ಯಾಗ ನಿಲ್ಲಲಿ. ಟಾಕಿ ಮಾಡದ ಕೆಲಸ ಬಿಸಲು ಮಾಡತೈತಿ, ನಿಧಾನಕ್ಕ. ಶಿವರಾತ್ರಿ ಆದ ಮ್ಯಾಲೂ ಒಂದು ತಿಂಗಳು ಬಿಡಬ್ಯಾಡ್ರಿ. ತಳದಾಗ ಕುಂತಿದ್ದೆಲ್ಲ ಬಿಸಿಗೆ ಎದ್ದು ಒಮ್ಮಿಗೇ ಉಕ್ಕತೈತಿ. ಆಮ್ಯಾಲೆ ನೀವು ಬೇಕಾದ್ದು ಮಾಡ್ರಿ."

ಇಂಜಿನಿಯರು ಹಳ್ಳದ ಕಡೆ ನೋಡಿದರು. ಕೆಳಗೆ, ಗುಡಿಸಲುಗಳಾಚೆ, ಹೊಸ ಮಣ್ಣಿನ ದಿಬ್ಬ ಕಾಣುತ್ತಿತ್ತು. ತಿರುಗಿ ಮನೆಗೆ ಹೋದರು. ತಗ್ಗಿಗೆ ಎಳೆದ ಕಾಲುವೆಯನ್ನು ಅವರು ಮುಚ್ಚಿಸಲಿಲ್ಲ. ಆದರೆ ಮಾಲೀಕರಿಗೆ ತಿಳಿಸದೆ ಇರುವುದು ಅವರ ಕೈಯಲ್ಲಿರಲಿಲ್ಲ. ಎಂಟು ದಿನಕ್ಕೆ ಅಯ್ಯನವರಿಗೆ ಇಂಗ್ಲಿಷಿನಲ್ಲಿ ನೋಟೀಸು ಬಂತು: ಸ್ವತ್ತು ಹಾಳು ಮಾಡಿದ್ದಕ್ಕೆ ಕಾರಣ ಕೊಡಬೇಕು.

ಅದನ್ನು ಹಿಡಿದು ಮತ್ತೆ ನನ್ನ ಹತ್ತಿರವೇ ಬಂದರು. "ಓದಿ ಹೇಳ್ರಿ" ಎಂದರು. ಹೇಳಿದೆ. "ಜವಾಬು ಬರೀತೀರೇನ್ರಿ?" ಎಂದರು. ಈ ಸಲ ಅವರು ಏನೂ ಹೇಳಿ ಬರೆಸಲಿಲ್ಲ. ನಾನೇ ಬರೆದೆ. ನೀಲಿ ಯಾವ ತಿಂಗಳಿಂದ ಮಾಸತೊಡಗಿತು, ಟಾಕಿ ಎಷ್ಟು ತಣ್ಣಗಾಗಿತ್ತು, ಎಷ್ಟು ಗುಡಿಸಲುಗಳಲ್ಲಿ ಭೇದಿ, ಲಕ್ಷ್ಮವ್ವ ಯಾವ ನೀರು ಕುಡಿದು ಸತ್ತಳು. ಸತ್ತಳು ಎಂದೇ ಬರೆದೆ. ಕೆಳಗೆ, ಇದನ್ನು ಕಣ್ಣಾರೆ ಕಂಡವಳೆಂದು ನನ್ನ ಹೆಸರೂ ಹಾಕಿದೆ. ತಿಂಗಳ ಕೊನೆಗೆ ಗುತ್ತೇದಾರರು ನನ್ನನ್ನು ಬಿಡಿಸಿದರು. ಅಯ್ಯನವರನ್ನು ಮಸ್ಕಿಗೆ ಹಾಕಿದರು, ಬಡ್ತಿ ನಿಲ್ಲಿಸಿದರು. ಅಷ್ಟಕ್ಕೇ ಮುಗಿಯಿತು. ದೊಡ್ಡ ಶಿಕ್ಷೆಯೂ ಆಗಲಿಲ್ಲ, ಅವರು ಹೇಳಿದ್ದು ಸರಿ ಎಂದು ಯಾರೂ ಬರೆದು ಕೊಡಲೂ ಇಲ್ಲ.

ಕ್ಯಾಂಪು ಬಿಡುವ ದಿನ ನಾನು ತಗ್ಗಿನ ಹತ್ತಿರ ಹೋಗಿದ್ದೆ. ಮಾಘದ ಬಿಸಿಲು. ನೀರು ಹಸಿರಾಗಿತ್ತು. ದಂಡೆಯಲ್ಲಿ ಎರಡು ಬೆಳ್ಳಕ್ಕಿ ನಿಂತಿದ್ದವು. ಹುಲಿಗೆವ್ವ ಬಂದು ಪಕ್ಕಕ್ಕೆ ನಿಂತು, "ಗುಡಿಸಲಾಗ ಈಗ ಯಾರೂ ಬಿದ್ದಿಲ್ಲ ಬಾಯಾರ" ಎಂದಳು. ಅದನ್ನು ಹೇಳಲಿಕ್ಕೇ ಬಂದಿದ್ದಳು.

ನನಗೆ ಲಿಂಗಸೂಗೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಸ್ಕಿ ಅಲ್ಲಿಂದ ದೂರವೇನಲ್ಲ. ಬಸ್ಸೂ ಇತ್ತು. ಆದರೂ ನಾಲ್ಕು ವರ್ಷ ನಾನು ಹೋಗಲಿಲ್ಲ. ಬಿಡುವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಕಳೆದ ಶ್ರಾವಣದಲ್ಲಿ ಒಂದು ಸೋಮವಾರ ಹೋದೆ.

ಮಸ್ಕಿಯ ಗುಡ್ಡದ ಬುಡಕ್ಕೆ ಅವರ ಮನೆ. ಅವರು ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಬಹಳ ಇಳಿದು ಹೋಗಿದ್ದರು. ಹೆಂಡತಿ ಒಳಗಿನಿಂದ ಚಾಪೆ ತಂದು ಹಾಸಿ, "ನಿಮ್ಮ ಸುದ್ದಿ ಭಾಳ ಹೇಳ್ತಿದ್ರವ್ವ" ಎಂದು ಅವರ ಪಕ್ಕದಲ್ಲೇ ಕೂತರು. ಅಯ್ಯನವರ ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಬೇರೆ ತಟ್ಟೆಯ ಪದ್ಧತಿಯನ್ನು ಹೆಂಡತಿಯೇ ಮುರಿದಿದ್ದರು. ಆದರೆ ಅಯ್ಯನವರಿಗೆ ಪಡಸಾಲೆಯೇ ರೂಢಿಯಾಗಿತ್ತು.

ಅದೂ ಇದೂ ಮಾತಾಡಿದೆವು. ಸಿಂಧನೂರಿನ ಕಡೆ ಈಗ ಭತ್ತ ಹಚ್ಚುತ್ತಿದ್ದಾರೆ, ಕ್ಯಾಂಪು ಎತ್ತಿಬಿಟ್ಟರು, ಆ ತಗ್ಗನ್ನು ಸಮ ಮಾಡಿ ಗದ್ದೆ ಮಾಡಿದ್ದಾರೆ ಎಂದೆ. "ಛಲೋ ಆತು ಬಿಡ್ರಿ. ಆ ಮಣ್ಣಿಗೆ ಬೆಳಿ ಛಲೋ ಬರತೈತಿ" ಎಂದರು. ಹೆಂಡತಿ ಅಡಿಗೆಗೆಂದು ಎದ್ದು ಒಳಗೆ ಹೋದರು. ಆಗ ಹೇಳಿದೆ.

"ಅಯ್ಯಾರ, ಮೊದಲನೇ ಕಾಗದ ನೀವು ಹೇಳಿದಂಗ ನಾ ಬರೀಲಿಲ್ಲ. ಸಾಯ್ತಾರ ಅನ್ನೋದು ಅದರಾಗ ಇದ್ದಿಲ್ಲ. ಹೊಂಡದ ಮಾತೂ ಇದ್ದಿಲ್ಲ. ನೌಕರಿಗೆ ಅಂಜಿದೆ."

ಅವರು ನನ್ನ ಮುಖ ನೋಡಿದರು. ಆಶ್ಚರ್ಯವಿರಲಿಲ್ಲ.

"ಗೊತ್ತಿತ್ರಿ" ಎಂದರು.

"ಯಾವಾಗ ಗೊತ್ತಾತು?"

"ಅವತ್ತೇ. ಟಪಾಲಿಗೆ ಹಾಕೋ ಮುಂದ ಕಾಂಪೌಂಡರನ ಕಡಿಂದ ಓದಿಸಿದ್ದೆ. ಅವಗ ಇಂಗ್ಲೀಷು ಬರಿಯಾಕ ಬರದಿದ್ರೂ ಓದಾಕ ಬರತಿತ್ತು, ಓದಿ ಹೇಳಿದ."

"ಮತ್ತ ಯಾಕ ಹಾಕಿದ್ರಿ? ತಿರುಗಿ ತಂದು ನನ್ನ ಮುಖಕ್ಕ ಒಗೀಬೇಕಿತ್ತು."

ಅವರು ಗುಡ್ಡದ ಕಡೆ ತಿರುಗಿದರು. ಗುಡ್ಡದ ಬಂಡೆಗಳ ಮೇಲೆ ಮೋಡದ ನೆರಳು ಸರಿಯುತ್ತಿತ್ತು.

"ದಣಿದಿದ್ದೆ ಬಾಯಾರ. ಲಿಂಗಸೂಗೂರಿನ್ಯಾಗ ಹೇಳಿದ್ದೆ, ಯಾರೂ ಕೇಳಿದ್ದಿಲ್ಲ. ಇಂಜಿನಿಯರ್ರಿಗೆ ಹೇಳಿದ್ದೆ, ಕೇಳಿದ್ದಿಲ್ಲ. ಇನ್ನೊಮ್ಮೆ ನಿಮ್ಮ ಬಾಗಲಾಗ ಬಂದು ನಿಂತು, ಇನ್ನೊಮ್ಮೆ ಬರೀರಿ ಅನ್ನಾಕ ಅವತ್ತು ಮನಸ್ಸಾಗಲಿಲ್ಲ. ಹೆಂಗ ಬರದ್ರೂ ಅವರು ಓದಂಗಿಲ್ಲ ಅನಕೊಂಡು ಡಬ್ಬಿಗೆ ಹಾಕಿ ಬಂದುಬಿಟ್ಟೆ." ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡರು. "ಓದ್ತಿದ್ರೋ ಏನೋ. ಯಾರಿಗೆ ಗೊತ್ತು? ಆ ಹೆಣ್ಮಗಳ ಪಾಪ ನಿಮ್ಮೊಬ್ಬರದ ಅಲ್ರಿ. ಅರ್ಧ ನಂದು."

ಒಳಗಿನಿಂದ ಹೆಂಡತಿ ಊಟಕ್ಕೆ ಕರೆದರು. ಅವರು ಗೋಡೆ ಹಿಡಿದು ಎದ್ದರು. ಮೂವರೂ ಅಡಿಗೆ ಮನೆಯಲ್ಲೇ ಕೂತು ಉಂಡೆವು. ಹೊರಡುವಾಗ ಅವರು ಬಸ್ಸಿನ ತನಕ ಬರುತ್ತೇನೆಂದರು, ನಾನು ಬೇಡವೆಂದೆ. ಮತ್ತೆ ನೋಡಲಿಲ್ಲ.

ಅವತ್ತು ಲಿಂಗಸೂಗೂರಿಗೆ ಮರಳುವ ಬಸ್ಸಿನಲ್ಲಿ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, ಕೂತಲ್ಲೇ ನಿದ್ದೆ ಬಂದಿತ್ತು ನನಗೆ. ಹೊತ್ತದ್ದರಲ್ಲಿ ಅರ್ಧವನ್ನು ಇನ್ನೊಬ್ಬರು ಇಳಿಸಿಕೊಂಡಿದ್ದರು. ಈಗ ಅವರಿಲ್ಲ. ಅವರು ಹೊತ್ತಿದ್ದ ಅರ್ಧವೂ ನನ್ನ ಪಾಲಿಗೇ ಬಂದಿದೆ.